ಮೊದಲ ಏಟು

ಕುಂಬಳಕಾಯಿಯನ್ನು ಹೆಂಗಸರು ಇಡಿಯಾಗಿ ಒಡೆಯಬಾರದು, ಮೊದಲ ಏಟನ್ನು ಗಂಡಸೇ ಹಾಕಬೇಕು ಎಂಬ ಪದ್ಧತಿ ನಮ್ಮ ಮನೆಯಲ್ಲಿತ್ತು. ನಿಮ್ಮಲ್ಲಿ ಹಲವರ ಮನೆಯಲ್ಲೂ ಇದ್ದಿರಬೇಕು. ಏಕೆಂದು ನಾನು ಯಾರನ್ನೂ ಕೇಳಲಿಲ್ಲ. ನನ್ನಾಕೆ ಅಡುಗೆಮನೆಯಿಂದ "ಸ್ವಲ್ಪ ಬಂದು ಹೋಗಿ" ಎಂದು ಕರೆಯುವಳು. ನಾನು ಪತ್ರಿಕೆಯನ್ನು ಮಡಿಸಿಟ್ಟು ಹೋಗಿ, ಕಾಯಿಗೆ ಕತ್ತಿಯಿಂದ ಒಂದು ಏಟು ಹಾಕಿ, ಹೋಳಾದೊಡನೆ ಕೈ ತೊಳೆದು ಹಿಂದಿರುಗುವೆನು. ಮುಂದಿನದೆಲ್ಲ ಅವಳದು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಅಡುಗೆಮನೆಗೆ ನಾನು ಸಲ್ಲಿಸಿದ ಸೇವೆ ಬಹುಮಟ್ಟಿಗೆ ಇಷ್ಟೇ.

ಸಿಹಿಗುಂಬಳವನ್ನು ನಮ್ಮ ಸಾಗರದ ಕಡೆ ಚೀನಿಕಾಯಿ ಎನ್ನುತ್ತೇವೆ. ದೀಪಾವಳಿಗೆ ಅದರ ಕಡುಬು, ಉಳಿದ ದಿನಗಳಲ್ಲಿ ಪಲ್ಯ, ಸಾಸಿವೆ, ಹುಳಿ. 2021ರ ಜುಲೈಯಲ್ಲಿ, ಅವಳ ಕಾಯಿಲೆ ಬಲಿತಿದ್ದಾಗ, ಒಂದು ಬೆಳಿಗ್ಗೆ "ಚೀನಿಕಾಯಿ ಪಲ್ಯ ತಿನ್ನಬೇಕೆನ್ನಿಸುತ್ತಿದೆ" ಎಂದಳು. ಎಷ್ಟೋ ದಿನಗಳ ಮೇಲೆ ಬಾಯಿಬಿಟ್ಟು ಕೇಳಿದ ಒಂದು ಪದಾರ್ಥ. ಸಂಭ್ರಮದಿಂದ ಪೇಟೆಗೆ ಹೋಗಿ ಒಳ್ಳೆಯ ಕಾಯಿಯನ್ನೇ ತಂದೆ. ಮೊದಲ ಏಟು ಹಾಕಿದೆ. ಎರಡು ಹೋಳಾಯಿತು. ಕೈ ತೊಳೆದೆ. ಆಮೇಲೆ ಏನು ಮಾಡಬೇಕೆಂದು ತೋಚದೆ ಸುಮ್ಮನೆ ನಿಂತೆ. ಸಿಪ್ಪೆ ತೆಗೆಯಬೇಕೋ ಬೇಡವೋ, ನೀರೆಷ್ಟು, ಒಗ್ಗರಣೆ ಮೊದಲೋ ಕೊನೆಗೋ? ಕೋಣೆಗೆ ಹೋಗಿ ಅವಳನ್ನೇ ಕೇಳಬಹುದಿತ್ತು. ಕೇಳಲು ಸಂಕೋಚವಾಯಿತು. ಪಕ್ಕದ ಮನೆಯಾಕೆಯ ನೆರವು ಪಡೆದು ಪಲ್ಯ ಮಾಡಿಸುವಷ್ಟರಲ್ಲಿ ಎರಡು ದಿನ ಕಳೆಯಿತು. ಆ ವೇಳೆಗೆ ಅವಳಿಗೆ ಅನ್ನದ ವಾಸನೆಯೂ ಬೇಡವಾಗಿತ್ತು. ಆಗಸ್ಟ್‌ನಲ್ಲಿ ಹೊರಟುಹೋದಳು.

ಈ ಸಂಗತಿಯನ್ನು ಮಕ್ಕಳಿಗೂ ಹೇಳಿರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಬಾಸ್ಟನ್ ಸಮೀಪದ ಮಗಳ ಮನೆಗೆ ಹೋದೆ. ಅಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಸಮಾಜ ವಿಜ್ಞಾನದ ಮೇಷ್ಟರಾಗಿದ್ದವನು ಇಸವಿ ಹೇಳದೆ ಮುಂದುವರಿಯಲಾರೆ: ಅಧ್ಯಕ್ಷ ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ಇದನ್ನು ಇಡೀ ದೇಶದ ಆಚರಣೆಯೆಂದು ಘೋಷಿಸಿದರು, ನಾಲ್ಕನೆಯ ಗುರುವಾರವೆಂದು ಕಾನೂನಿನಿಂದ ಗೊತ್ತುಪಡಿಸಿದ್ದು 1941ರಲ್ಲಿ. ಬೆಳೆ ಮನೆಗೆ ಬಂದ ಕೃತಜ್ಞತೆಯ ಊಟವಾದ್ದರಿಂದ ನನಗೆ ನಮ್ಮ ಭೂಮಿ ಹುಣ್ಣಿಮೆ ನೆನಪಾಯಿತು. ಆದರೆ ನಾವು ಪೈರು ಇನ್ನೂ ಗದ್ದೆಯಲ್ಲಿರುವಾಗಲೇ ಭೂತಾಯಿಯನ್ನು ಬಸುರಿಯೆಂದು ಭಾವಿಸಿ ಬಯಕೆ ಬಡಿಸುತ್ತೇವೆ. ಅವರು ಕೊಯ್ಲು ಮುಗಿದ ಮೇಲೆ ಉಣ್ಣುತ್ತಾರೆ.

ಮಗಳ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಆ ಸಂಜೆಯ ಊಟ. ಬಂದವರೆಲ್ಲ ಒಂದೊಂದು ಪದಾರ್ಥ ಒಯ್ಯುವ ಏರ್ಪಾಡು. ಇವಳ ಪಾಲಿಗೆ ಬಂದದ್ದು ಓವನ್‌ನಲ್ಲಿ ಕೆಂಪಗೆ ಬೇಯಿಸಿದ ಬಟರ್‌ನಟ್ ಸ್ಕ್ವಾಷ್. ಸೋರೆಬುರುಡೆಯ ಆಕಾರ, ತಿಳಿ ಕಂದು ಸಿಪ್ಪೆ. ಒಳಗೆ ನೋಡಿದರೆ ನಮ್ಮ ಚೀನಿಕಾಯಿಯೇ! ವಿಚಾರಿಸಿದರೆ ಸಸ್ಯಶಾಸ್ತ್ರದ ಪ್ರಕಾರವೂ ಎರಡೂ ಒಂದೇ ಜಾತಿ, ಕುಕರ್ಬಿಟಾ ಮೊಸ್ಕಾಟಾ. ಬಟರ್‌ನಟ್ ತಳಿ ರೂಪುಗೊಂಡದ್ದು ಅದೇ ಮಸಾಚುಸೆಟ್ಸ್ ರಾಜ್ಯದಲ್ಲಿ, 1940ರ ದಶಕದಲ್ಲಿ. ಸ್ಕ್ವಾಷ್ ಎಂಬ ಹೆಸರು ಕೂಡ ಆ ಸೀಮೆಯ ಮೂಲನಿವಾಸಿಗಳಾದ ನರಗಾನ್ಸೆಟ್ ಜನರ ಮಾತಿನಿಂದ ಬಂದದ್ದು. ಮೆಣಸಿನಕಾಯಿ, ಆಲೂಗಡ್ಡೆ, ಮೆಕ್ಕೆಜೋಳಗಳು ಕೊಲಂಬಸ್ ಯಾನದ ಅನಂತರ ಅಮೆರಿಕ ಖಂಡದಿಂದ ಬಂದವೆಂದು ವರ್ಷವರ್ಷವೂ ಪಾಠ ಹೇಳಿದವನು ನಾನು. ಸಿಹಿಗುಂಬಳವನ್ನು ಆ ಪಟ್ಟಿಗೆ ಒಮ್ಮೆಯೂ ಸೇರಿಸಿರಲಿಲ್ಲ. ಬೂದುಗುಂಬಳ ಮಾತ್ರ ನಮ್ಮ ಏಷ್ಯಾದ್ದು. ನನ್ನ ತರಗತಿಯಲ್ಲಿ ಕುಳಿತಿದ್ದವರು ದಯವಿಟ್ಟು ತಿದ್ದಿಕೊಳ್ಳಿ.

ಹಬ್ಬದ ಬೆಳಿಗ್ಗೆ ಮಗಳು ಎರಡು ಕಾಯಿಗಳನ್ನು ಹಲಗೆಯ ಮೇಲಿಟ್ಟು ಕರೆದಳು. "ಅಪ್ಪಯ್ಯ, ಮೊದಲ ಏಟು ಹಾಕಿ ಕೊಡಿ. ಆಮೇಲೆ ನಾನು ನೋಡಿಕೊಳ್ಳುತ್ತೇನೆ."

ಹದಿನೈದು ವರ್ಷ ಅಮೆರಿಕೆಯಲ್ಲಿದ್ದವಳ ಬಾಯಲ್ಲಿ ಆ ಮಾತು! ಚಾಕು ಹಿಡಿದ ನನ್ನ ಕೈ ಒಂದು ಕ್ಷಣ ತಡೆಯಿತು. "ಇವತ್ತು ಪೂರ್ತಿ ನಾನೇ ಮಾಡುತ್ತೇನೆ. ನೀನು ಕುಳಿತು ಹೇಳು" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲವೆಂದು ಕಂಡು ಕುರ್ಚಿ ಎಳೆದುಕೊಂಡು ಕುಳಿತಳು.

ಕೆಲಸ ಸರಳವೇ. ಸಿಪ್ಪೆ ಹೆರೆಯುವುದಷ್ಟೇ ಕಷ್ಟ. ಅದರ ರಸ ಅಂಗೈಗೆ ಅಂಟಿ ಒಣಗಿ ಚರ್ಮ ಬಿಗಿದಂತಾಗುತ್ತದೆ, ಎಷ್ಟು ತೊಳೆದರೂ ಬೇಗ ಬಿಡದು. ಬೀಜ ತೆಗೆದು, ಒಂದಂಗುಲದ ಹೋಳು ಮಾಡಿ, ಮೂರು ಚಮಚ ಆಲಿವ್ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕೈಯಿಂದಲೇ ಬೆರೆಸಿ, ಇನ್ನೂರಿಪ್ಪತ್ತು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿಡುವುದು. ಒಂದು ಕಾಯಿಯ ಹೋಳುಗಳನ್ನೆಲ್ಲ ಒಂದು ಚಿಕ್ಕ ತಟ್ಟೆಯಲ್ಲಿ ರಾಶಿ ಹಾಕಿ ಒಳಗಿಟ್ಟೆ. ಮಗಳಿಗೆ ಅದೇ ಹೊತ್ತಿಗೆ ದೂರವಾಣಿ ಕರೆ ಬಂದಿತ್ತು. ಅರ್ಧ ಗಂಟೆಯ ಮೇಲೆ ತೆಗೆದರೆ ತಳದಲ್ಲಿ ನೀರು ನಿಂತು ಎಲ್ಲವೂ ಮೆತ್ತಗೆ ಬೆಂದಿತ್ತು, ಕೆಂಪಿನ ಸುಳಿವಿಲ್ಲ.

ಅಳಿಯಂದಿರು ಕಾರಣ ವಿವರಿಸಿದರು. ಒತ್ತಾಗಿ ಇಟ್ಟರೆ ಹೋಳುಗಳಿಂದ ಹೊರಟ ಹಬೆ ಹೋಗಲು ಜಾಗವಿಲ್ಲದೆ ಅಲ್ಲಿಯೇ ಸುತ್ತುತ್ತದೆ. ಮೈಮೇಲಿನ ನೀರು ಆರುವವರೆಗೆ ಹೋಳಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಕೆಂಪಾಗಲು ಅದಕ್ಕಿಂತ ಹೆಚ್ಚು ಬೇಕು. ಎರಡನೆಯ ಕಾಯಿಯ ಹೋಳುಗಳನ್ನು ಎರಡು ದೊಡ್ಡ ತಟ್ಟೆಗಳಲ್ಲಿ, ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸುವಂತೆ, ಒಂದಕ್ಕೊಂದು ತಾಗದ ಹಾಗೆ ಹರಡಿದೆ. ನಡುವೆ ಒಮ್ಮೆ ಮಗುಚಿ ನಲವತ್ತು ನಿಮಿಷ ಬೇಯಿಸಿದ್ದಾಯಿತು. ಅಂಚುಗಳು ಕಂದಾಗಿ, ಸುಟ್ಟ ಬೆಲ್ಲದಂಥ ಪರಿಮಳ ಮನೆಯೆಲ್ಲ ತುಂಬಿತು. ಸಾಸಿವೆ ಒಗ್ಗರಣೆ ಹಾಕಲೇ ಎಂದೆ. "ಇವತ್ತು ಬೇಡ ಅಪ್ಪಯ್ಯ" ಎಂದಳು. ಒಂದೇ ಕಾಯಿಯದಾದ್ದರಿಂದ ಪಾತ್ರೆ ಅರ್ಧವೇ ತುಂಬಿತ್ತು. ಆದರೂ ಸಂಜೆಯ ಊಟದಲ್ಲಿ ಒಂದು ಹೋಳೂ ಮಿಗಲಿಲ್ಲ.

ಮೆತ್ತಗಾಗಿದ್ದ ಮೊದಲ ತಟ್ಟೆ ಮನೆಯಲ್ಲೇ ಉಳಿದಿತ್ತು. ಮಾರನೆಯ ದಿನ ಬಾಣಲೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು ಸಿಡಿಸಿ ಅದನ್ನು ಸುರಿದು, ಚೂರು ಬೆಲ್ಲ, ಕಾಯಿತುರಿ ಹಾಕಿದೆ. ಪಲ್ಯಕ್ಕೆ ಬೇಕಾದ ಹದವೇ ಅದಾಗಿತ್ತು! ಅನ್ನದೊಡನೆ ಬಡಿಸಿದೆ. ಆಗ, ಉಣ್ಣುತ್ತ ಕುಳಿತಿದ್ದ ಮಗಳಿಗೆ ಆ ಎರಡು ಹೋಳುಗಳ ಕಥೆಯನ್ನು ಹೇಳಿದೆ.

ಅವಳು ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದಳು. ಅನಂತರ ಇನ್ನೊಂದು ಸೌಟು ಬಡಿಸಿಕೊಂಡು, "ಅಮ್ಮನಿಗೆ ಇದು ಹಿಡಿಸುತ್ತಿತ್ತೇ?" ಎಂದು ಕೇಳಿದಳು.

"ಉಪ್ಪು ಒಂದು ಚೂರು ಕಡಿಮೆ ಎನ್ನುತ್ತಿದ್ದಳು" ಎಂದೆ.

"ಹೌದು, ಕಡಿಮೆಯೇ" ಎಂದು ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದಳು.