ಕೆಟ್ಟ ಕಾರ್ಡಿನ ಸಹವಾಸ

ಕಳೆದ ವರುಷ ನನಗೆ ಗ್ರಾಫಿಕ್ಸ್ ಕಾರ್ಡಿನ ಹುಚ್ಚು ಹಿಡಿಯಿತು. ಅಮ್ಮ ಚೀಟಿಯ ಹಣದಲ್ಲಿ ಮೂರು ಸಾವಿರ ರೂಪಾಯಿ ಎಣಿಸಿ ಕೊಟ್ಟು, "ಇಷ್ಟೇ ಕಣೋ, ಕಳೆದುಕೊಂಡರೆ ಮತ್ತೆ ಕೇಳಬೇಡ" ಎಂದಳು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದಿನವೆಲ್ಲ ಅಲೆದೆನು. ಆ ಹಣಕ್ಕೆ ಹೊಸದೆಂದರೆ ಜಿಟಿ 710ರಂಥವು. ಪಾಪದ ಪ್ರಾಣಿ, ಚಿತ್ರ ತೋರಿಸೀತು, ಈಗಿನ ಆಟ ಆಡಿಸಲಾರದು. ಒಂದು ಅಂಗಡಿಯಲ್ಲಿ ಕೆಟ್ಟ ಕಾರ್ಡುಗಳೆರಡಿದ್ದವು. ಎರಡೂ 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ, ಬೇರೆ ವಿದ್ಯುತ್ ತಂತಿ ಬೇಡದೆ ಸ್ಲಾಟಿನ 75 ವಾಟಿನಲ್ಲೇ ನಡೆಯುವಂಥವು. ಒಂದನ್ನು ಹಾಕಿದೊಡನೆ ಪರದೆಯ ತುಂಬ ಬಣ್ಣದ ಚೌಕಗಳು. ಇನ್ನೊಂದು ಹತ್ತು ನಿಮಿಷ ಸೊಗಸಾಗಿ ನಡೆದು ಕಣ್ಣು ಮುಚ್ಚುತ್ತಿತ್ತು.

ಮೊದಲನೆಯದು ಅಗ್ಗ, ಆಸೆ ಅತ್ತ ಎಳೆಯಿತು. ಆದರೆ ಬಣ್ಣದ ಚೌಕಗಳು ಬಹುಮಟ್ಟಿಗೆ ಮೆಮೊರಿ ಚಿಪ್ಪಿನ ರೋಗ. ಅದನ್ನು ಕಿತ್ತು ಬೆಸೆಯುವುದು ನನ್ನ ಕೈಗೆ ಮೀರಿದ ವಿದ್ಯೆ. ಕಾರ್ಡನ್ನು ಓವನ್ನಿನಲ್ಲಿ ಬೇಯಿಸಿ ಬದುಕಿಸಿದವರುಂಟು. ಆ ಜೀವ ಬಹುಕಾಲ ನಿಲ್ಲದು. ಎರಡನೆಯದಕ್ಕೆ ಬರಿಯ ಜ್ವರವಿರಬೇಕೆಂದು ಊಹಿಸಿ ಅದನ್ನೇ ತಂದೆನು.

ಮನೆಯಲ್ಲಿ ಸ್ಕ್ರೂ ಬಿಚ್ಚಿ ನೋಡಿದರೆ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಫ್ಯಾನಿನ ತುಂಬ ಧೂಳು. ಎಲ್ಲವನ್ನೂ ಒರಸಿ, ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು ಬಿಗಿದೆನು. ಹತ್ತನೆಯ ನಿಮಿಷ ಬಂದಾಗ ಅಮ್ಮನೂ ಗಡಿಯಾರ ನೋಡುತ್ತಿದ್ದಳು. ಹನ್ನೊಂದಾಯಿತು; ಗಂಟೆಯೂ ಕಳೆಯಿತು. "ಸರಿ, ಊಟಕ್ಕೆ ಏಳು" ಎಂದಳು.

ಕೆಟ್ಟದ್ದನ್ನು ಕೊಳ್ಳಹೊರಟವನು ಕಾರ್ಡಿನ ಬೆಲೆಯೊಡನೆ ತನ್ನ ಕೈಯ ಅಳತೆಯನ್ನೂ ತಿಳಿದಿರಬೇಕು. ಇಲ್ಲವಾದರೆ, ಮಿತ್ರರೇ, ಆ ಪಾಪದ ಜಿಟಿ 710ನ್ನೇ ತನ್ನಿ. ಅಮ್ಮನ ಚೀಟಿ ಮೇಲಿಂದ ಮೇಲೆ ಬರುವಂಥದಲ್ಲ.