ಡಕೋಟಾ ಅಂದರೆ ಹಳೇ ಗಾಡಿಯಲ್ಲ

ಬೆಳಿಗ್ಗೆ ಸ್ಕೂಲಿಗೆ ಹೊತ್ತಾಗುತ್ತಿರುವಾಗಲೇ ಅಪ್ಪನ ಸ್ಕೂಟರು ಹಟ ಹಿಡಿಯುತ್ತದೆ. ಒದ್ದು ಒದ್ದು ಕಾಲು ಸೋತರೂ ಅದು ಒಂದೆರಡು ಬಾರಿ ಕೆಮ್ಮಿ ಸುಮ್ಮನಾಗುತ್ತದೆ. ಕಾಂಪೌಂಡಿನಾಚೆ ನಿಂತ ಪಕ್ಕದ ಮನೆಯವರು, ‘ಏನ್ ಸಾರ್, ನಿಮ್ಮ ಡಕೋಟಾ ಇವತ್ತೂ ಮುಷ್ಕರವೇ?’ ಎಂದು ನಗುತ್ತಾರೆ. ಬೆನ್ನಿಗೆ ಚೀಲ ಹೊತ್ತು ನಿಂತ ಮಗನಿಗೆ ನಾಚಿಕೆಯಾಗುತ್ತದೆ. ಕನ್ನಡನಾಡಿನ ಬೀದಿಗಳಲ್ಲಿ ಡಕೋಟಾ ಎಂದರೆ ಇದೇ ಅರ್ಥ: ಹಳತಾದದ್ದು, ಗಡಗಡ ಎನ್ನುವುದು, ಗುಜರಿಗೆ ಹಾಕಲು ಮನಸ್ಸು ಬಾರದೆ ಮನೆಯಲ್ಲಿ ಉಳಿದದ್ದು.

ಆದರೆ ಆ ಹುಡುಗ ನಾಚಬೇಕಾಗಿಲ್ಲ. ಡಕೋಟಾ ಎಂಬುದು ಒಂದು ವಿಮಾನದ ಹೆಸರು; ಅದೂ ಎಂತಹ ವಿಮಾನ! ರೈಟ್ ಸಹೋದರರು ಮೊದಲ ಬಾರಿಗೆ ಹಾರಿ ಸರಿಯಾಗಿ 32 ವರ್ಷ ತುಂಬಿದ ದಿನ, ಅಂದರೆ 1935ರ ಡಿಸೆಂಬರ್ 17ರಂದು, ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ವಿಮಾನ ಮೊದಲು ನೆಲ ಬಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಅದೇ ವಿಮಾನ ಸಿ-47 ಎಂಬ ಹೆಸರಿನಲ್ಲಿ ಸೈನಿಕರನ್ನೂ ಸಾಮಾನನ್ನೂ ಹೊತ್ತಿತು. ಬ್ರಿಟಿಷರು ಅದನ್ನು ಡಕೋಟಾ ಎಂದು ಕರೆದರು. ಎರಡು ಎಂಜಿನ್, ಒಂದೊಂದರಲ್ಲೂ ವೃತ್ತಾಕಾರವಾಗಿ ಜೋಡಿಸಿದ 14 ಸಿಲಿಂಡರು, ತಲಾ 1200 ಅಶ್ವಶಕ್ತಿ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 95 ಅಡಿ. ಸೈನ್ಯಕ್ಕೆಂದೇ 10 ಸಾವಿರಕ್ಕೂ ಹೆಚ್ಚು ತಯಾರಾದವು.

ಇವುಗಳಲ್ಲಿ ಕೆಲವು ಇಂದಿಗೂ ಹಾರುತ್ತಿವೆ. ಹೇಗೆ ಉಳಿದವು ಎಂದು ಕೇಳಿದರೆ, ಯಂತ್ರದ ಕಥೆಯ ಜೊತೆಗೆ ಬೇರೊಂದು ಪ್ರಶ್ನೆಯೂ ಎದುರಾಗುತ್ತದೆ. ಹಳೆಯದನ್ನು ಉಳಿಸಬೇಕಾದರೆ ಅದರಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು?

ಮೊದಲು ಡಕೋಟಾದ ನಿಲುವನ್ನು ನೋಡಿ. ಇಂದಿನ ವಿಮಾನಗಳಿಗೆ ಮೂತಿಯ ಕೆಳಗೊಂದು ಚಕ್ರ ಇರುವುದರಿಂದ ಅವು ನೆಲಕ್ಕೆ ಸಮನಾಗಿ ನಿಲ್ಲುತ್ತವೆ. ಡಕೋಟಾಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ಹೀಗಾಗಿ ಅದು ನಿಂತಾಗ ಬಾಲವೂರಿ, ಮೂತಿಯೆತ್ತಿ ಕುಳಿತಂತೆ ಕಾಣುತ್ತದೆ. ಆ ಮೂತಿಯೇ ಅಡ್ಡವಾಗಿ ಪೈಲಟ್‌ಗೆ ನೇರ ಎದುರಿನ ನೆಲ ಸರಿಯಾಗಿ ಕಾಣಿಸುವುದಿಲ್ಲ. ಅನುಕೂಲವೂ ಉಂಟು. ಪ್ರೊಪೆಲ್ಲರ್‌ಗಳು ನೆಲದಿಂದ ಎತ್ತರದಲ್ಲಿರುವುದರಿಂದ ಕಲ್ಲುಮಣ್ಣಿನ ಬಯಲಿನಲ್ಲೂ ಇಳಿಯಬಹುದು.

ಕಷ್ಟವಿರುವುದು ಇಳಿದ ಮೇಲೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟವನ್ನು ಮಕ್ಕಳೆಲ್ಲ ಆಡಿರುತ್ತಾರೆ. ಕೋಲು ಸ್ವಲ್ಪ ವಾಲಿದೊಡನೆ ಕೈ ಸರಿಸಬೇಕು, ತಡವಾದರೆ ಬಿತ್ತು. ಬಾಲದ ಚಕ್ರದ ವಿಮಾನದ ಸ್ವಭಾವವೂ ಹಾಗೆಯೇ. ಅದರ ಭಾರದ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದಿದೆ. ಓಡುವಾಗ ಮೂತಿ ಕೊಂಚ ಪಕ್ಕಕ್ಕೆ ತಿರುಗಿದರೂ ಹಿಂದಿನ ಭಾರ ನೇರವಾಗಿಯೇ ನುಗ್ಗಿ, ತಿರುವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪೈಲಟ್‌ನ ಕಾಲು ಪೆಡಲುಗಳ ಮೇಲೆ ಆ ಕ್ಷಣವೇ ಎಚ್ಚೆತ್ತುಕೊಳ್ಳದಿದ್ದರೆ ವಿಮಾನ ನೆಲದ ಮೇಲೆಯೇ ಗಿರಕಿ ಹೊಡೆಯುತ್ತದೆ. ಆದ್ದರಿಂದ ಡಕೋಟಾ ಪೂರ್ತಿ ನಿಲ್ಲುವವರೆಗೆ ಪೈಲಟ್‌ನ ಪರೀಕ್ಷೆ ಮುಗಿಯುವುದಿಲ್ಲ.

ಇಂಥ ವಿಮಾನ 70–80 ವರ್ಷ ಬಾಳಲು ಅದರ ರೆಕ್ಕೆಯ ಕಟ್ಟಡವೂ ಒಂದು ಕಾರಣ. ಒಂದೇ ತೊಲೆಯ ಮೇಲೆ ಎಲ್ಲ ಭಾರ ಹೇರುವ ಬದಲು ಒಳಗೆ ಅನೇಕ ಅಡ್ಡಪಟ್ಟಿಗಳು ಭಾರವನ್ನು ಹಂಚಿಕೊಳ್ಳುವಂತೆ ರಚಿಸಿದ್ದಾರೆ. ಕೂಡುಕುಟುಂಬದಲ್ಲಿ ಒಬ್ಬರು ಮಲಗಿದರೆ ಉಳಿದವರು ಹೆಗಲು ಕೊಡುವಂತೆ, ಒಂದರಲ್ಲಿ ಬಿರುಕು ಬಂದರೂ ಉಳಿದವು ಸಂಭಾಳಿಸುತ್ತವೆ.

ಹಾಗೆಂದು ವಯಸ್ಸು ಯಾರನ್ನೂ ಬಿಡುವುದಿಲ್ಲ. ಅಲ್ಯೂಮಿನಿಯಂಗೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯದು. ಬಿಳಿ ಪುಡಿ ಏಳುತ್ತದೆ. ಕೆಲವೊಮ್ಮೆ ಒಳಗೊಳಗೇ ಕೊಳೆತು, ಹಳೇ ಪುಸ್ತಕದ ರಟ್ಟಿನಂತೆ ಪದರ ಪದರವಾಗಿ ಉಬ್ಬುತ್ತದೆ. ಮೇಲಿನ ಬಣ್ಣ ಚೆನ್ನಾಗಿದ್ದರೂ ಕೆಳಗೆ ಲೋಹವೇ ಉಳಿದಿರುವುದಿಲ್ಲ. ಹೀಗಾಗಿ ದುರಸ್ತಿ ಆರಂಭವಾಗುವುದು ಬಿಚ್ಚುವುದರಿಂದ. ಬಣ್ಣ ಕೆರೆದು, ನೆಲಹಾಸು ತೆಗೆದು, ನೂರಾರು ಬೋಲ್ಟ್ ಬಿಚ್ಚಿ ರೆಕ್ಕೆ ಕಳಚಿ, ಮೂಲೆ ಮೂಲೆಗೆ ದೀಪ ಹಿಡಿದು ನೋಡಬೇಕು. ಕೆಟ್ಟ ತಗಡನ್ನು ಕತ್ತರಿಸಿ ಅದೇ ದಪ್ಪದ, ಅದೇ ಜಾತಿಯ ಹೊಸ ತಗಡು ಕೂರಿಸಬೇಕು.

ತಗಡನ್ನು ಹಿಡಿದಿಡುವುದು ರಿವೆಟ್ ಎಂಬ ಮೊಳೆ. ಅದನ್ನು ಬಡಿಯಲು ಸಾಮಾನ್ಯವಾಗಿ ಇಬ್ಬರು ಬೇಕು. ಹೊರಗೆ ಒಬ್ಬ ಗಾಳಿಯ ಸುತ್ತಿಗೆ ಹಿಡಿದರೆ ಒಳಗೆ ಇನ್ನೊಬ್ಬ ಭಾರದ ಉಕ್ಕಿನ ತುಂಡನ್ನು ಆನಿಸಿ ಹಿಡಿಯುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಸದ್ದು, ನಡುಕಗಳೇ ಸಂಭಾಷಣೆ. ಕೆಲವು ಜಾತಿಯ ರಿವೆಟ್‌ಗಳನ್ನು ಕಾಯಿಸಿ, ಥಟ್ಟನೆ ತಣಿಸಿ, ಬಳಸುವವರೆಗೆ ಫ್ರಿಜ್‌ನಲ್ಲಿಡುತ್ತಾರೆ. ಹೊರತೆಗೆದ ಸ್ವಲ್ಪ ಹೊತ್ತು ಮಾತ್ರ ಅವು ಮೆತ್ತಗಿರುತ್ತವೆ, ಅಷ್ಟರೊಳಗೆ ಬಡಿಯಬೇಕು. ಕೆಲಸ ಮುಗಿದ ಮೇಲೆ ದಾಖಲೆ ಪುಸ್ತಕದಲ್ಲಿ ಏನು ಬಿಚ್ಚಿದೆ, ಏನು ಬದಲಿಸಿದೆ ಎಂದು ಬರೆದು ಜವಾಬ್ದಾರರು ಸಹಿ ಹಾಕಬೇಕು. ಆ ಸಹಿಯ ಮೇಲೆ ಹತ್ತಾರು ಜನರ ಪ್ರಾಣ ನಿಂತಿರುತ್ತದೆ.

ಈ ವಿದ್ಯೆ ಬೆಂಗಳೂರಿಗೆ ಹೊಸತಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನೊಂದಿಗೆ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆಯ ದೊಡ್ಡ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಸೈನ್ಯದ ಡಕೋಟಾಗಳನ್ನು ನಾಗರಿಕ ವಿಮಾನಗಳಾಗಿ ಮಾರ್ಪಡಿಸುವ ಕೆಲಸ ಅಲ್ಲಿ ನಡೆಯಿತು. ಬ್ರಿಟಿಷರು ಮತ್ತೆ ಹಾರಬಾರದೆಂದು ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿಗೆ ಹಾರಿಸಿ ತಂದು ಜೀವ ಕೊಟ್ಟದ್ದೂ ಇದೇ ಕಾರ್ಖಾನೆ. ಅವನ್ನು ಭಾರತೀಯ ವಾಯುಪಡೆ 1968ರವರೆಗೆ ಬಳಸಿತು.

ಇಷ್ಟೆಲ್ಲ ಬಿಚ್ಚಿ ಬದಲಿಸಿದ ಮೇಲೆ ಅದು ಹಳೆಯ ವಿಮಾನವೇ ಹೌದೇ? ಊರ ತೇರನ್ನು ನೆನೆಯಿರಿ. ಒಂದು ವರ್ಷ ಚಕ್ರ ಬದಲಾಗುತ್ತದೆ, ಇನ್ನೊಮ್ಮೆ ಅಚ್ಚು, ಮತ್ತೊಮ್ಮೆ ಹಲಗೆ. ಆದರೂ ‘ಇದು ತಾತನ ಕಾಲದ ತೇರು’ ಎಂದೇ ಊರು ಹೇಳುತ್ತದೆ, ಅದು ಸುಳ್ಳಲ್ಲ. ಹಳೆಯದು ಉಳಿಯಲು ದಾರಿ ಒಂದೇ ಅಲ್ಲ ಎಂಬುದನ್ನು ಮೂರು ಡಕೋಟಾಗಳ ಕಥೆ ಹೇಳುತ್ತದೆ.

ಮೊದಲನೆಯದು ಮೈ ಉಳಿದ ಕಥೆ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯ ಮೇಲೆ ದಾಳಿ ಮಾಡಿದಾಗ 800ಕ್ಕೂ ಹೆಚ್ಚು ಸಿ-47ಗಳು ಪ್ಯಾರಾಚೂಟ್ ಸೈನಿಕರನ್ನು ಹೊತ್ತು ರಾತ್ರಿಯಲ್ಲಿ ಹೊರಟವು. ಆ ಮುಖ್ಯ ಪಡೆಯ ಮುಂಚೂಣಿಯಲ್ಲಿದ್ದ ವಿಮಾನದ ಪೈಲಟ್ ಲೆಫ್ಟಿನೆಂಟ್ ಕರ್ನಲ್ ಜಾನ್ ಡೊನಾಲ್ಸನ್. ಅದರ ಮೂತಿಯ ಮೇಲೆ ಹಿಟ್ಲರನಿಗೆಂದೇ ಬರೆದ ಹೆಸರು: ‘ದಟ್ಸ್ ಆಲ್, ಬ್ರದರ್’. ನಮ್ಮ ಮಾತಿನಲ್ಲಿ, ‘ಇಷ್ಟೇ ಕಣಪ್ಪಾ, ಮುಗೀತು!’

ಯುದ್ಧ ಮುಗಿದ ಮೇಲೆ ಆ ವಿಮಾನ ಕೈಯಿಂದ ಕೈಗೆ ಮಾರಾಟವಾಗುತ್ತ, ಬಣ್ಣದ ಮೇಲೆ ಬಣ್ಣ ಬಳಿಸಿಕೊಳ್ಳುತ್ತ ಗುರುತೇ ಕಳೆದುಕೊಂಡಿತು. ಅಲಬಾಮಾದ ಇಬ್ಬರು ಸೇನಾ ಇತಿಹಾಸಕಾರರು ಡೊನಾಲ್ಸನ್ ಬಗ್ಗೆ ದಾಖಲೆ ಹುಡುಕುತ್ತ ಹೋದಾಗ ಅವರಿಗೆ ದಾರಿ ತೋರಿಸಿದ್ದು ಒಂದು ಅಂಕಿ, ವಿಮಾನದ ಕ್ರಮಸಂಖ್ಯೆ 42-92847. ಅದನ್ನು ಹಿಡಿದು ಹೊರಟರೆ ವಿಮಾನ ಇನ್ನೂ ಇದೆ! ಮುಂದೆ ಅದು ವಿಸ್ಕಾನ್ಸಿನ್ ರಾಜ್ಯದ ಆಷ್ಕಾಷ್‌ನಲ್ಲಿ, ಬಾಸ್ಲರ್ ಕಂಪನಿಯ ಅಂಗಳದಲ್ಲಿ ಕತ್ತರಿಸಿಕೊಳ್ಳಲು ಸರದಿ ಕಾಯುತ್ತಿತ್ತು. ಹಳೆಯ ಡಕೋಟಾಗಳನ್ನು ಹೊಸ ರೀತಿಗೆ ಮಾರ್ಪಡಿಸುವುದೇ ಆ ಕಂಪನಿಯ ಉದ್ಯೋಗ. ‘ಕಮೆಮರೇಟಿವ್ ಏರ್ ಫೋರ್ಸ್’ ಎಂಬ ಸ್ವಯಂಸೇವಾ ಸಂಸ್ಥೆ ಜನರಿಂದ ದೇಣಿಗೆ ಎತ್ತಿ ಅದನ್ನು ಕೊಂಡಿತು. ಕತ್ತರಿಸಬೇಕಾಗಿದ್ದ ಕಾರ್ಖಾನೆಯಲ್ಲೇ ಅದರ ಪುನರುಜ್ಜೀವನವೂ ನಡೆಯಿತು. 2018ರ ಜನವರಿಯಲ್ಲಿ ಅದು ಮತ್ತೆ ಹಾರಿತು. 2019ರಲ್ಲಿ ನಾರ್ಮಂಡಿ ದಾಳಿಯ 75ನೇ ವರ್ಷಕ್ಕೆ ಅಟ್ಲಾಂಟಿಕ್ ದಾಟಿ ಅದೇ ಆಕಾಶಕ್ಕೆ ಮರಳಿತು. ಮೈಗೆ ಹಳೆಯ ಬಣ್ಣ, ಹಳೆಯ ಹೆಸರು. ಆದರೆ ಇಂದಿನ ಆಕಾಶದಲ್ಲಿ ಹಾರಲು ಇಂದಿನ ರೇಡಿಯೊ ಬೇಕೇ ಬೇಕು, ಅಷ್ಟರಮಟ್ಟಿಗೆ ರಾಜಿ.

ಹಾಗಾದರೆ ಬಾಸ್ಲರ್‌ನವರು ಖಳನಾಯಕರೇ? ಅಲ್ಲ. ಎರಡನೆಯದು, ಕೆಲಸ ಉಳಿದ ಕಥೆ, ಅವರದೇ. ಡಕೋಟಾದ ಹಳೆಯ ಎಂಜಿನ್‌ಗೆ ಬೇಕಾದ ವಿಮಾನದ ಪೆಟ್ರೋಲು ದೂರದ ಪ್ರದೇಶಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅವರು ಆ ಎಂಜಿನ್‌ಗಳನ್ನು ತೆಗೆದು, ಜೆಟ್ ಇಂಧನ ಕುಡಿಯುವ ಟರ್ಬೈನ್ ಎಂಜಿನ್ ಹಾಕುತ್ತಾರೆ. ಹೊಸ ಎಂಜಿನ್ ಹಗುರ. ತೂಕದ ಸಮತೋಲ ತಪ್ಪುತ್ತದೆ. ಅದಕ್ಕೆ ರೆಕ್ಕೆಯ ಮುಂದೆ ಒಡಲನ್ನು ಕತ್ತರಿಸಿ 40 ಅಂಗುಲ ಉದ್ದ ಮಾಡುತ್ತಾರೆ. ಇದೇ ಬಿಟಿ-67. ಥಾಯ್ಲೆಂಡ್‌ನಲ್ಲಿ ಇದು ಮೋಡ ಬಿತ್ತನೆಗೆ ಹೋಗುತ್ತದೆ. ಚಕ್ರದ ಜೊತೆ ಹಿಮದ ಜಾರುಪಟ್ಟಿ ಕಟ್ಟಿಕೊಂಡು ಅಂಟಾರ್ಕ್ಟಿಕಾದಲ್ಲಿ ವಿಜ್ಞಾನಿಗಳನ್ನು ಹೊರುತ್ತದೆ. ಬಾಲದ ಚಕ್ರ ಮಾತ್ರ ಹಾಗೆಯೇ ಇದೆ. ಮ್ಯೂಸಿಯಂನಲ್ಲಿ ಧೂಳು ತಿನ್ನುವ ಬದಲು, ವೇಷ ಬದಲಿಸಿಯಾದರೂ ದುಡಿಯುವುದು ಯಂತ್ರಕ್ಕೆ ಅವಮಾನವೇನಲ್ಲ.

ಮೂರನೆಯದು ಹೆಸರು ಉಳಿದ ಕಥೆ. ಇದು ಭಾರತದ್ದು. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಡಕೋಟಾಗಳು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದವು. ಮೊದಲು ಇಳಿದದ್ದು ವಿಪಿ 905 ಎಂಬ ಸಂಖ್ಯೆಯದು ಎನ್ನುತ್ತದೆ ವಾಯುಪಡೆ. ಮುಂದಿನ ವರ್ಷ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾವನ್ನು ಹಿಮಾಲಯ ದಾಟಿಸಿ, 10 ಸಾವಿರ ಅಡಿಗೂ ಎತ್ತರದ ಲೇಹ್‌ನ ಕಚ್ಚಾ ಪಟ್ಟಿಯ ಮೇಲೆ ಇಳಿಸಿದರು. ಪಟ್ಟಿಯನ್ನು ಸಿದ್ಧಪಡಿಸಿದವರು ಲಡಾಖಿನ ಎಂಜಿನಿಯರ್ ಸೋನಮ್ ನೊರ್ಬು. ವಿಮಾನದಲ್ಲಿ ಮೆಹರ್ ಸಿಂಗ್ ಜೊತೆ ಇದ್ದವರು ಕೊಡಗಿನ ಜನರಲ್ ತಿಮ್ಮಯ್ಯ.

ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಅವರ ಮಗ, ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, 2011ರಲ್ಲಿ ವಿದೇಶದಲ್ಲಿ ಒಂದು ಹಳೆಯ ಡಕೋಟಾ ಕೊಂಡು ಬ್ರಿಟನ್ನಿನಲ್ಲಿ ದುರಸ್ತಿಗೆ ಬಿಟ್ಟರು. ವಾಯುಪಡೆಗೆ ಕಾಣಿಕೆ ಕೊಡುತ್ತೇವೆಂದರೆ ಒಪ್ಪಿಗೆ ಕೂಡಲೇ ಸಿಗಲಿಲ್ಲ, ವರ್ಷಗಳು ಹಿಡಿದವು. ಕೊನೆಗೆ 2018ರ ಏಪ್ರಿಲ್‌ನಲ್ಲಿ ಅದು ಕೊವೆಂಟ್ರಿಯಿಂದ ಹೊರಟು, ದೇಶ ದೇಶಗಳಲ್ಲಿ ತಂಗುತ್ತ ಜಾಮ್‌ನಗರಕ್ಕೆ ಬಂದಿತು. ಮೇ 4ರಂದು ಹಿಂಡನ್ ನೆಲೆಯಲ್ಲಿ ಆ ತಂದೆಯೇ ಅದನ್ನು ವಾಯುಪಡೆಗೆ ಒಪ್ಪಿಸಿದರು. ಅದಕ್ಕೆ ‘ಪರಶುರಾಮ’ ಎಂದು ಹೆಸರಾಯಿತು. ಬಾಲದ ಮೇಲೆ ಬರೆದ ಸಂಖ್ಯೆ ವಿಪಿ 905. 2021ರ ಗಣರಾಜ್ಯೋತ್ಸವದಲ್ಲಿ ಅದು ದೆಹಲಿಯ ರಾಜಪಥದ ಮೇಲೆ ಎರಡು ಹೆಲಿಕಾಪ್ಟರ್‌ಗಳ ನಡುವೆ ಹಾರಿತು.

ಗಮನಿಸಿ, ಇದು 1947ರ ವಿಪಿ 905 ಅಲ್ಲ. ಅದರ ಸಂಖ್ಯೆ ಹೊತ್ತ ಬೇರೊಂದು ವಿಮಾನ. ಹಾಗಾದರೆ ಇದು ನಾಟಕವೇ? ನಮ್ಮ ಮನೆಗಳಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಮಗು ತಾತನಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ತಾಯಿ ಮಾವನ ಹೆಸರು ಹಿಡಿದು ಮಗುವನ್ನು ಗದರಲು ಹಿಂಜರಿದು ‘ಪುಟ್ಟಾ’ ಎಂದು ಕರೆಯುತ್ತಾಳೆ. ಹೆಸರಿಗೂ ಒಂದು ತೂಕವುಂಟು. ಹೊತ್ತವನು ಅದನ್ನು ಉಳಿಸಿಕೊಳ್ಳಬೇಕಾಗುತ್ತದೆ. ಇದು ಆ ಹಳೆಯದೇ ಎಂದು ಸುಳ್ಳು ಹೇಳದಿದ್ದರೆ ಆಯಿತು.

ಮೂರರಲ್ಲಿ ಯಾವುದು ಸರಿ ಎಂದು ಕೇಳಿದರೆ ಉತ್ತರ ಒಂದೇ ಇರಲಾರದು. ಆದರೆ ಮೂರಕ್ಕೂ ಸಮಾನವಾದದ್ದೊಂದಿದೆ. ಎಲ್ಲದರ ಹಿಂದೆಯೂ ಬಿಚ್ಚಿ ನೋಡಲು ಹೆದರದ, ಕೊಳೆತದ್ದನ್ನು ಬಣ್ಣದಡಿ ಮುಚ್ಚದ, ಮಾಡಿದ್ದನ್ನು ಬರೆದು ಸಹಿ ಹಾಕಿದ ಕೈಗಳಿವೆ. ಅವರು ಬರೆದಿಟ್ಟ ಅಂಕಿಗಳಿಲ್ಲದಿದ್ದರೆ ನಾರ್ಮಂಡಿಯ ವಿಮಾನ ಯಾರಿಗೂ ಗೊತ್ತಾಗದೆ ಗರಗಸದ ಪಾಲಾಗುತ್ತಿತ್ತು. ಶಾಲೆಯಲ್ಲಿ ಅಂಕ ತರುವ ಮಕ್ಕಳಂತೆಯೇ, ಸ್ಪ್ಯಾನರು ಹಿಡಿದು ಕೈ ಕರಿ ಮಾಡಿಕೊಳ್ಳುವ ಮಕ್ಕಳೂ ಮನೆಗೆ ಹೆಮ್ಮೆಯೇ ಎಂಬುದನ್ನು ತಂದೆತಾಯಿಗಳು ಮರೆಯಬಾರದು.

ಇನ್ನೊಂದು ಬೆಳಿಗ್ಗೆ ಪಕ್ಕದ ಮನೆಯವರು ಮತ್ತೆ ‘ಡಕೋಟಾ’ ಎಂದಾಗ ಆ ಹುಡುಗ ತಲೆ ತಗ್ಗಿಸಬೇಕಿಲ್ಲ. ಚೀಲ ಕೆಳಗಿಟ್ಟು ಅಪ್ಪನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಸ್ಪಾರ್ಕ್ ಪ್ಲಗ್ಗು ಬಿಚ್ಚಲಿ. ಮಸಿ ಒರೆಸಿ ಮತ್ತೆ ಹಾಕಲಿ. ಸ್ಕೂಲಿಗೆ ಐದು ನಿಮಿಷ ತಡವಾದೀತು, ಅಷ್ಟೆ.