ಅಳತೆಗೆ ಹೊಲಿಸಿದ ಪದವಿ

‘ನಿಮ್ಮ ಮಗಳು ಏನು ಓದುತ್ತಿದ್ದಾಳೆ?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಒಂದೇ ಮಾತಿನಲ್ಲಿ ಮುಗಿಯಬೇಕು. ಇಂಜಿನಿಯರಿಂಗ್ ಎಂದರೆ ಕೇಳಿದವರು ತಲೆದೂಗುತ್ತಾರೆ, ಬಿ.ಕಾಂ. ಎಂದರೆ ಪರವಾಗಿಲ್ಲ ಎನ್ನುತ್ತಾರೆ. ವಿವರಿಸಿ ಹೇಳಬೇಕಾದ ಓದಾದರೆ, ಎಲ್ಲೋ ಏನೋ ಎಡವಟ್ಟಾಗಿದೆಯೆಂದೇ ಜನ ಭಾವಿಸುವುದು. ನನ್ನ ಭಾವನವರಿಗೆ ಈಚೆಗೆ ಒದಗಿರುವುದು ಈ ಸಂಕಟವೇ.

ಅಕ್ಕನ ಮಗಳು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಅವಳು ಕಲಿಯಬೇಕೆಂದಿರುವ ವಿಷಯ ನೀರು. ಮಳೆ ಎಲ್ಲಿ ಇಂಗುತ್ತದೆಂಬುದನ್ನು ಭೂವಿಜ್ಞಾನದವರು ಹೇಳುತ್ತಾರೆ. ನದಿ ಯಾರದೆಂಬುದನ್ನು ಕಾನೂನಿನವರು. ಕೆರೆ ಕಟ್ಟಿಸಿದವರ ಕಥೆಯನ್ನು ಇತಿಹಾಸದವರು. ಮೂರನ್ನೂ ಕೂಡಿಸಿ ಹೇಳುವ ವಿಭಾಗ ಅಲ್ಲಿಲ್ಲ. ಆದ್ದರಿಂದ ತನ್ನ ಪದವಿಯನ್ನು ತಾನೇ ರೂಪಿಸಿಕೊಳ್ಳುವೆನೆಂದು ಅವಳು ಪತ್ರ ಬರೆದಳು.

‘ಇದೇನು ಹೋಟೆಲೇ, ಅದು ಸ್ವಲ್ಪ ಇದು ಸ್ವಲ್ಪ ತರಿಸಿಕೊಳ್ಳಲು?’ ಎಂದು ಭಾವನವರು ಗುಡುಗಿದರು. ಬ್ಯಾಂಕಿನ ಸಾಲಕ್ಕೆ ಸಹಿ ಹಾಕಿದವರು ಅವರು. ಗುಡುಗುವ ಅಧಿಕಾರ ಅವರಿಗುಂಟು. ಅವಳಿಗೆ ಬುದ್ಧಿ ಹೇಳುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು.

ವಿಚಾರಿಸಿದಾಗ ಇದು ಅಲೆದಾಡಲು ಕೊಟ್ಟ ಪರವಾನಗಿಯಲ್ಲವೆಂದು ತಿಳಿಯಿತು. ಈಗಿರುವ ವಿಷಯಗಳಲ್ಲಿ ಒಂದೂ ಯಾಕೆ ಸಾಲದೆಂದು ಅವಳು ಬರೆದು ಒಪ್ಪಿಸಬೇಕು. ಯಾವ ಪಾಠವಾದಮೇಲೆ ಯಾವ ಪಾಠವೆಂದು ಪಟ್ಟಿ ಕೊಡಬೇಕು. ಹೊಣೆ ಹೊರುವ ಅಧ್ಯಾಪಕರೊಬ್ಬರನ್ನು ಹುಡುಕಿಕೊಳ್ಳಬೇಕು. ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಕಡೆಯಲ್ಲಿ ಸ್ವಂತವಾದ ಒಂದು ಪ್ರಬಂಧ ಬರೆಯಬೇಕು. ಸಿದ್ಧ ಉಡುಪು ಕೊಳ್ಳುವುದಕ್ಕಿಂತ ಅಳತೆ ಕೊಟ್ಟು ಹೊಲಿಸುವುದೇ ಕಷ್ಟ. ಇಲ್ಲಿ ಕತ್ತರಿಯೂ ಅವಳ ಕೈಯಲ್ಲೇ.

ಈ ಪದ್ಧತಿ ಹೊಸದೂ ಅಲ್ಲ. 1970ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಐಸಾಕ್ ಬೋನವಿಟ್ಸ್ ಎಂಬಾತ ಮಾಂತ್ರಿಕ ವಿದ್ಯೆಯಲ್ಲಿ ಬಿ.ಎ. ಪಡೆದ. ಇದನ್ನು ಭಾವನವರಿಗೆ ನಾನು ಹೇಳಲಿಲ್ಲ. ಹೇಳಿದ್ದು ವಿಲ್ ಶಾರ್ಟ್ಸ್ ಕಥೆ. ಆತ 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಗಟುಗಳ ಶಾಸ್ತ್ರವನ್ನೇ ತನ್ನ ವಿಷಯವಾಗಿ ರಚಿಸಿಕೊಂಡು ಪದವೀಧರನಾದ. 1993ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧದ ಸಂಪಾದಕನಾದ. ‘ಸಾವಿರಕ್ಕೊಬ್ಬ’ ಎಂದರು ಭಾವನವರು. ಆ ಮಾತು ನಿಜ.

ಅವರ ಭಯಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. ವಿದೇಶೀ ವಿದ್ಯಾರ್ಥಿ ಪದವಿಯಾದಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಗಣಿತಗಳವರಿಗೆ 2016ರ ನಿಯಮದಂತೆ ಇನ್ನೂ 24 ತಿಂಗಳು ಸಿಕ್ಕಬಹುದು. ಅದನ್ನು ತೀರ್ಮಾನಿಸುವುದು ಕಲಿತ ಪಾಠಗಳಲ್ಲ. ಪದವಿಯನ್ನು ಯಾವ ಸಂಕೇತ ಸಂಖ್ಯೆಯಡಿ ದಾಖಲಿಸಿದ್ದಾರೆಂಬುದು. ತಾನೇ ಹೊಲಿದುಕೊಂಡ ಅಂಗಿಗೂ ಸರ್ಕಾರದ ಚೀಟಿ ಅಂಟಲೇಬೇಕು.

ಹಾಗೆಂದು ಇಲ್ಲಿಗೇ ಬಾರೆಂದು ಕರೆಯೋಣವೇ? ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಗೊತ್ತಾದ ದಾರಿಯೂ ನಡುವೆ ಹೊರಳುವುದುಂಟು.

ಕೊನೆಗೆ ನಾನು ಅವಳಿಗೆ ಬರೆದದ್ದು ಇಷ್ಟೇ: ‘ಆ ಸಂಖ್ಯೆ ಯಾವುದೆಂದು ಮೊದಲು ಬರವಣಿಗೆಯಲ್ಲಿ ಕೇಳಿ ತಿಳಿದುಕೊ. ಪಟ್ಟಿಯಲ್ಲಿ ಭೂವಿಜ್ಞಾನ, ಸಂಖ್ಯಾಶಾಸ್ತ್ರಗಳು ಬಲವಾಗಿರಲಿ. ಆಮೇಲೆ ಕೆರೆಗೆ ಇಳಿ.’ ಅವಳು ಒಪ್ಪಿದ್ದಾಳೆ. ಸಮಿತಿ ಸೇರುವುದು ಮುಂದಿನ ತಿಂಗಳು.

ಭಾವನವರ ಮುನಿಸು ಪೂರ್ತಿ ಇಳಿದಿಲ್ಲ. ಆದರೂ ಮೊನ್ನೆ ಕಾಫಿ ಕುಡಿಯುತ್ತ ಕೇಳಿದರು: ‘ನಮ್ಮೂರ ಕೆರೆಯ ತೂಬು ಯಾವ ದಿಕ್ಕಿಗಿತ್ತು, ನಿನಗೇನಾದರೂ ನೆನಪಿದೆಯೇನಯ್ಯ? ಅವಳು ಕೇಳಿದ್ದಾಳೆ.’